ಮಾತು ಬಿಟ್ಟವರ ನಿಶಾನಿ

ಜಗತ್ತಿನಲ್ಲಿರುವ ಅಷ್ಟೂ ಜಾಲತಾಣಗಳು ನಮ್ಮ ಬಂಧುಬಳಗದವರಿಗಾಗಿಯೇ ತಯಾರಾಗಿವೆ, ಸರಿಯಾದ ಮನೆಗೆ ಮುಟ್ಟದೆ ಅಲ್ಲಲ್ಲಿ ಬಿದ್ದುಕೊಂಡಿವೆ, ಅವನ್ನು ಹುಡುಕಿ ಅವರವರಿಗೆ ತಲುಪಿಸುವುದಷ್ಟೇ ಬಾಕಿ ಎಂದು ಗಟ್ಟಿಯಾಗಿ ನಂಬಿರುವ ಒಬ್ಬ ಹೆಂಗಸು ಬಸವಕಲ್ಯಾಣದಲ್ಲಿದ್ದಾಳೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅರ್ಧಕ್ಕರ್ಧ ತಲುಪಿಸಿಯೂ ಆಗಿದೆ! ಆಕೆ ನನ್ನ ಅತ್ತೆ. ಅಂದರೆ ಗಂಡನ ತಾಯಿಯಲ್ಲ, ಅಪ್ಪನ ತಂಗಿ. ಈ ವಿವರಣೆಯನ್ನು ಮೊದಲೇ ಕೊಟ್ಟುಬಿಡುವುದು ಕ್ಷೇಮ. ನನ್ನ ಗಂಡನ ತಾಯಿಯೂ ಇದನ್ನು ಓದುವ ಸಂಭವವಿದೆ.

ಅತ್ತೆ ಟೇಲರ್. ಬಜಾರಿನ ಒಂದು ಓಣಿಯಲ್ಲಿ, ಬಳೆ ಅಂಗಡಿಗೆ ಅಂಟಿಕೊಂಡು, ಮೂರು ಹೆಜ್ಜೆ ಅಗಲದ ಅಂಗಡಿ ಅವಳದು. ಮೂವತ್ತು ವರ್ಷದಿಂದ ಊರ ಹೆಂಗಸರ ಜಂಪರು ಹೊಲಿಯುತ್ತಿದ್ದಾಳೆ. ಪುಸ್ತಕದಲ್ಲಿ ಕುಪ್ಪಸ ಎನ್ನುತ್ತಾರಲ್ಲ, ಅದೇ. ಒಬ್ಬರ ಅಳತೆಯನ್ನು ಆಕೆ ಜೀವಮಾನದಲ್ಲಿ ಒಂದೇ ಸಲ ತೆಗೆಯುತ್ತಾಳೆ. ಆಮೇಲೆ ಟೇಪು ಮುಟ್ಟುವುದೇ ಅವಮಾನ! "ಅಕ್ಕಾರೆ, ಥೋಡೆ ದಪ್ಪ ಆಗೇನ್ರಿ, ಅಳತಿ ತಗೋರಿ" ಎಂದು ಯಾರಾದರೂ ಬೇಡಿಕೊಂಡರೆ, ಹೊಲಿಗೆಯಿಂದ ತಲೆ ಎತ್ತದೆಯೇ ಹೇಳುತ್ತಾಳೆ.

"ಗೊತ್ತದ. ನೀ ಬಾಗಿಲದಾಗ ಬರೋವಾಗೇ ನೋಡೀನಿ."

ಇಂಥವಳ ಕೈಗೆ ಒಂದು ಒಳ್ಳೆಯ ಮೊಬೈಲು ಬಂದರೆ ಏನಾಗಬಹುದು? ಏನಾಗಬಾರದೋ ಅದೇ ಆಯಿತು. ಇಸ್ತ್ರಿ ಬಿಸಿಯಾಗುವವರೆಗೆ, ಬಾಬಿನ್ನಿಗೆ ದಾರ ಸುತ್ತುವವರೆಗೆ, ಚಾ ಬರುವವರೆಗೆ ಅತ್ತೆ ಜಾಲತಾಣ ಓದತೊಡಗಿದಳು. ಓದಿದ್ದನ್ನೆಲ್ಲ ನನಗೆ ಕಳಿಸತೊಡಗಿದಳು. ದಿನಕ್ಕೆ ಮೂವತ್ತು, ನಲವತ್ತು! ಹಾಗಲಕಾಯಿಯ ಕಹಿ ತೆಗೆಯುವ ಬಗೆ. ಕೆಳಗೆ ಒಂದು ಸಾಲು, "ಇದು ಮುಡಬಿ ಕಾಕಾಗ ಹೇಳು." ಎಮ್ಮೆ ಹಾಲು ಕಡಿಮೆಯಾಗಲು ಎಂಟು ಕಾರಣಗಳು. "ಮನ್ನಾಏಖೇಳ್ಳಿ ಹೊಟೇಲದವರಿಗೆ ಕಳಸು, ಅವರ ಚಾ ನೀರಾಗ್ಯದ." ಮುಡಬಿ, ಮನ್ನಾಏಖೇಳ್ಳಿ ಎಂದರೆ ನಮ್ಮ ನೆಂಟರಿರುವ ಸುತ್ತಲಿನ ಊರುಗಳು. ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಇಡೀ ಹಗಲು ಕಂಡವರು ಕಂಡಲ್ಲಿ ಬಿಸಾಡಿದ ಪುಸ್ತಕಗಳನ್ನು ಅದರದರ ಜಾಗಕ್ಕೆ ಸೇರಿಸಿ ಮನೆಗೆ ಬಂದರೆ, ಸಂಜೆ ಅತ್ತೆಯ ಟಪಾಲು ವಿಲೇವಾರಿ ಮಾಡಬೇಕು. ಸರಕಾರಿ ಅಂಚೆಯವನಿಗೆ ರವಿವಾರವಾದರೂ ರಜೆ ಇರುತ್ತದೆ.

ಅದೇ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ನಾನೊಂದು ಆಧುನಿಕ ಕ್ರಾಂತಿ ಮಾಡಿ ಸೋತಿದ್ದೆ. ಇಂಟರ್ನೆಟ್ಟಿನಲ್ಲಿ ಕೆಲವು ತಾಣಗಳಿವೆ. ನಿಮಗೆ ಇಷ್ಟವಾದ ಪುಟದ ವಿಳಾಸವನ್ನು ಅಲ್ಲಿ ಉಳಿಸಿಡಬಹುದು, ಅದಕ್ಕೊಂದು ಟ್ಯಾಗು ಅಂದರೆ ಹೆಸರಿನ ಚೀಟಿ ಅಂಟಿಸಬಹುದು. ನೀವು ಉಳಿಸಿದ್ದು ಎಲ್ಲರಿಗೂ ಕಾಣುತ್ತದೆ, ಬೇರೆಯವರು ಉಳಿಸಿದ್ದು ನಿಮಗೆ ಕಾಣುತ್ತದೆ. ಹೀಗೆ ಒಬ್ಬರು ಕಂಡದ್ದು ಹತ್ತು ಜನಕ್ಕೆ ದಾರಿ. ಎಷ್ಟು ಚಂದದ ಕಲ್ಪನೆ! ವಿದ್ಯಾರ್ಥಿಗಳೆಲ್ಲ ಸೇರಿ ಜ್ಞಾನಭಂಡಾರ ಕಟ್ಟಲಿ ಎಂದು ಭಾಷಣ ಮಾಡಿ ಶುರು ಮಾಡಿದೆ. ಮೂರು ತಿಂಗಳಲ್ಲಿ ಹನ್ನೊಂದು ಪುಟಗಳು ಜಮಾ ಆದವು. ಒಂಬತ್ತು ನನ್ನವು, ಎರಡು ಕ್ರಿಕೆಟ್ ಸ್ಕೋರು.

ಸೋತ ಸರಕನ್ನು ಅತ್ತೆಯ ತಲೆಗೆ ಕಟ್ಟಿದರೆ ನನ್ನ ಟಪಾಲು ಕೆಲಸವಾದರೂ ತಪ್ಪೀತು ಎಂಬ ದುರಾಸೆಯಿಂದ ಒಂದು ರಜೆಯ ದಿನ ಕಲ್ಯಾಣಕ್ಕೆ ಹೋದೆ. ಆಕೆಯ ಮೊಬೈಲಿನಲ್ಲಿ ಖಾತೆ ತೆರೆದುಕೊಟ್ಟು ಪಾಠ ಆರಂಭಿಸಿದೆ.

"ನೋಡತ್ತಿ, ಇದಕ್ಕ ಪುಟಗುರುತು ಅಂತಾರ."

"ನಿಶಾನಿ ಅನ್ನು. ಅಷ್ಟುದ್ದ ಯಾಕ?"

"ಆತು, ನಿಶಾನಿ. ನಿಶಾನಿ ಹಾಕಿದ ಮ್ಯಾಲ ಕೆಳಗ ಇಲ್ಲಿ ಚೀಟಿ ಹಚ್ಚಬೇಕು. ಪುಟದಾಗ ಏನದ ಅಂತ ಬರೀಬೇಕು. ಆರೋಗ್ಯ, ಅಡಗಿ, ಒಕ್ಕಲುತನ, ಹಿಂಗ."

ಅತ್ತೆ ಕತ್ತರಿ ಕೆಳಗಿಟ್ಟಳು. ಕನ್ನಡಕದ ಮೇಲಿನಿಂದ ನನ್ನನ್ನು ಕರುಣೆಯಿಂದ ನೋಡಿದಳು. ಗೋಡೆಯ ತುಂಬ ತೂಗುಬಿದ್ದ ಜಂಪರುಗಳತ್ತ ಕೈ ಮಾಡಿದಳು. ಪ್ರತಿಯೊಂದಕ್ಕೂ ಗುಂಡುಪಿನ್ನು ಚುಚ್ಚಿದ ಚೀಟಿ ಇತ್ತು.

"ಇವಕ್ಕೆಲ್ಲಾ ಏನಂತ ಬರೀಲಿ? ‘ಬಟ್ಟಿ’ ಅಂತ ಬರೀಲೇನು? ನನ್ನ ಅಂಗಡ್ಯಾಗ ಇರೋದೆಲ್ಲಾ ಬಟ್ಟೀನೇ! ಚೀಟ್ಯಾಗ ಏನದ ಅಂತ ಬರಿಯಂಗಿಲ್ಲ ಪೋರಿ, ಯಾರದು ಅಂತ ಬರೀಬೇಕು."

ಹನ್ನೆರಡು ವರ್ಷ ಗ್ರಂಥಾಲಯದಲ್ಲಿ ದುಡಿದವಳು ನಾನು. ವಿಷಯವಾರು ವಿಂಗಡಣೆ ಎಂಬುದು ನನಗೆ ದೇವರ ಕೋಣೆಯಷ್ಟೇ ಪವಿತ್ರ. ಅದನ್ನು ಒಂದು ಗುಂಡುಪಿನ್ನಿನಿಂದ ಚುಚ್ಚಿ ಗಾಳಿ ತೆಗೆದುಬಿಟ್ಟಳು! ವಾದಿಸಿದೆ, ಬೇಡಿಕೊಂಡೆ, ಸಿಟ್ಟಾದೆ. ಏನೂ ಪ್ರಯೋಜನವಾಗಲಿಲ್ಲ. ಒಂದು ವಾರದಲ್ಲಿ ಅತ್ತೆಯ ಖಾತೆಯಲ್ಲಿ ನೂರಾರು ನಿಶಾನಿಗಳು, ಅವಕ್ಕೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಚೀಟಿಗಳು. ‘ಮುಡಬಿ-ಕಾಕಾ-ಮೊಣಕಾಲ’. ‘ಬಳಿ-ಅಂಗಡಿ-ಆಪಾ-ನಿದ್ದಿ-ಬರಂಗಿಲ್ಲ’. ‘ಹೆಡ್‌ಮಾಸ್ತರ-ಹೆಂಡತಿ-ಕೂದಲ’. ‘ಮನ್ನಾಏಖೇಳ್ಳಿ-ಎಮ್ಮಿ’. ಕೊನೆಯದು ಎಮ್ಮೆಯದೇ ಚೀಟಿ. ಅತ್ತೆಯ ಬಂಧುಬಳಗದಲ್ಲಿ ಎಮ್ಮೆಗಳೂ ಸೇರುತ್ತವೆ.

ಇದೆಲ್ಲ ಜಗತ್ತಿಗೇ ಕಾಣುತ್ತದೆ ಎನ್ನುವುದನ್ನು ನಾನು ಹೇಳಿದ್ದೆ. ಅತ್ತೆ ಕೇಳಿಸಿಕೊಂಡಿರಲಿಲ್ಲ, ಅಥವಾ ಕೇಳಿಸಿಕೊಂಡು ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು. ಅತ್ತೆಯ ಮಗಳನ್ನು ರಾಜೇಶ್ವರಕ್ಕೆ ಕೊಟ್ಟಿದೆ. ಅಳಿಯನಿಗೆ ಅಲ್ಲಿ ಗೊಬ್ಬರದ ಅಂಗಡಿ. ಬಹಳ ಗಂಭೀರ ಮನುಷ್ಯ, ನಕ್ಕರೆ ಒಂದು ಚೀಲ ಗೊಬ್ಬರ ಕಡಿಮೆಯಾದೀತು ಎನ್ನುವಂಥವರು. ಒಂದು ದಿನ ಅವರ ಅಂಗಡಿಗೆ ಬಂದ ಪರಿಚಯದವರೊಬ್ಬರು ಮೊಬೈಲು ತೋರಿಸಿ, "ಇದು ನೀವೇ ಏನ್ರಿ?" ಎಂದರಂತೆ. ಅದರಲ್ಲಿ ‘ರಾಜೇಶ್ವರ-ಅಳಿಯಾ-ಗೊರಕಿ’ ಎಂಬ ಚೀಟಿಯ ಅಡಿ ಹದಿನೇಳು ಪುಟಗಳು!

ಮಗಳು ಫೋನು ಮಾಡಿ ಹರಿಹಾಯ್ದಳು. "ಅವ್ವಾ, ಇವರ ಗೊರಕಿ ತಗೊಂಡು ಹೋಗಿ ಇಂಟರ್ನೆಟ್ಟಿನ್ಯಾಗ ಹಾಕೀಯಲ್ಲ!"

"ಗೊರಕಿ ಹಾಕಿಲ್ಲವ್ವಾ, ಗೊರಕಿ ಔಷಧ ಹಾಕೀನಿ."

"ಹೆಸರು ಯಾಕ ಬರದಿ?"

"ಹೆಸರು ಬರೀಲಿಲ್ಲಂದ್ರ ಬ್ಯಾರೆದವರು ಒಯ್ಯಂಗಿಲ್ಲೇನು?"

ಅತ್ತೆಯ ಭಯ ನಿಜವಾಯಿತು. ಅದೇ ವಾರ ರಾಜೇಶ್ವರದ ನಾಲ್ಕು ಮನೆಯ ಹೆಂಗಸರು ಒಬ್ಬರಿಗೊಬ್ಬರು ಗೊತ್ತಾಗದಂತೆ ಅತ್ತೆಗೆ ಫೋನು ಮಾಡಿ, ಗೊರಕೆಯ ನಿಶಾನಿ ತಮಗೂ ಬೇಕೆಂದು ಕೇಳಿದರು. ಅಳಿಯಂದಿರ ಮರ್ಯಾದೆ ಕಾಯಲು ಅತ್ತೆ ಚೀಟಿ ಬದಲಿಸಿದಳು. ಹೊಸ ಚೀಟಿ ಹೀಗಿತ್ತು, ‘ರಾಜೇಶ್ವರ-ಗೊಬ್ಬರ-ಅಂಗಡಿ-ಯಾರಂತ-ಹೇಳಂಗಿಲ್ಲ’.

ಇನ್ನು ಪರಸ್ಥಳದವರ ವಿಷಯ. ಅಲ್ಲಿ ನೀವು ಒಂದು ಪುಟ ಉಳಿಸಿದರೆ, ಅದನ್ನೇ ಇನ್ಯಾರು ಉಳಿಸಿದ್ದಾರೆ ಎಂಬುದೂ ಕಾಣುತ್ತದೆ. ಮೊಬೈಲು ಕನ್ನಡಕ್ಕೆ ತಿರುಗಿಸಿ ಕೊಟ್ಟ, ರೇಷ್ಮೆಯ ಮೇಲಿನ ಎಣ್ಣೆ ಕಲೆ ತೆಗೆಯುವ ಒಂದು ಪುಟವನ್ನು ಇಡೀ ಜಗತ್ತಿನಲ್ಲಿ ಇಬ್ಬರೇ ಉಳಿಸಿದ್ದರು. ಒಬ್ಬಳು ಅತ್ತೆ. ಇನ್ನೊಬ್ಬರ ಹೆಸರು ನಾಲ್ಕು ಇಂಗ್ಲಿಷ್ ಅಕ್ಷರ, ಎರಡು ಅಂಕಿ.

"ಇವರು ಯಾರು?"

"ಯಾರಿಗೆ ಗೊತ್ತತ್ತಿ? ಯಾವ ದೇಶದವರೋ ಏನೋ. ಅವರು ಏನೇನು ಉಳಿಸ್ಯಾರ ನೋಡಬೇಕಂದ್ರ ಇಲ್ಲಿ ಒತ್ತು."

"ಪರಿಚಯ ಇಲ್ಲದವರ ಗಂಟು ನಾವು ಬಿಚ್ಚಿ ನೋಡಬಹುದೇನು?"

"ಮಂದಿ ನೋಡ್ಲಿ ಅಂತೇ ಬಿಚ್ಚಿಟ್ಟಾರ."

ಅಂಜುತ್ತಲೇ ಒತ್ತಿದಳು. ಕಣ್ಣು ಅರಳಿತು. ಸೂಜಿ ಕೆಲಸದ ಇನ್ನೂರು ಮುನ್ನೂರು ಪುಟ! ಕುತ್ತಿಗೆಯ ವಿನ್ಯಾಸಗಳು, ಹರಿದ ಕಸೂತಿಯನ್ನು ಕೂಡಿಸುವ ಬಗೆ, ಹಳೆಯ ಮಷೀನಿಗೆ ಎಣ್ಣೆ ಬಿಡುವ ಕ್ರಮ. ಚಾ ಆರಿಹೋಯಿತು. ಅತ್ತೆ ಮೂರು ಪುಟ ಆರಿಸಿ ತನ್ನ ಖಾತೆಗೆ ತೆಗೆದುಕೊಂಡಳು. ಆಮೇಲೆ ಚಡಪಡಿಸತೊಡಗಿದಳು. ಒಬ್ಬರ ಮನೆಯಿಂದ ತಂದ ಬಟ್ಟಲನ್ನು ಖಾಲಿ ತಿರುಗಿಸುವುದುಂಟೇ? ಸಂಜೆಯವರೆಗೆ ಹುಡುಕಿ, ಅವರಿಗೆ ಹೊಂದುವಂಥ ಮೂರು ಪುಟ ಉಳಿಸಿ, ‘ಸೂಜಿ-ಅಕ್ಕ’ ಎಂಬ ಚೀಟಿ ಹಚ್ಚಿ, ಟಿಪ್ಪಣಿಯ ಜಾಗದಲ್ಲಿ ಕನ್ನಡದಲ್ಲೇ ಬರೆದಳು. "ಅಕ್ಕಾರೆ, ನಿಮ್ಮಲ್ಲಿಂದ ಮೂರು ತಗೊಂಡೀನ್ರಿ. ಇಲ್ಲಿ ಮೂರು ಇಟ್ಟೀನಿ. ಲೆಕ್ಕ ಬರಾಬರ್."

ಅವರು ಹೆಂಗಸೇ ಎಂದು ಹೇಗೆ ಗೊತ್ತು ಎಂದು ಕೇಳಿದೆ. "ಇಷ್ಟು ಜೋಪಾನದಿಂದ ಗಂಡಸರು ಇಡ್ತಾರೇನು?" ಎಂದಳು. ಎರಡು ತಿಂಗಳ ನಂತರ ಆ ಖಾತೆಗೆ ಒಂದು ಭಾವಚಿತ್ರ ಬಂತು. ಪೊದೆ ಮೀಸೆಯ, ಬೋಳು ತಲೆಯ, ಯಾವುದೋ ಶೀತಲ ದೇಶದ ಅಜ್ಜ! ಅತ್ತೆ ಚೀಟಿಯನ್ನು ತಿದ್ದಿದಳು. ‘ಸೂಜಿ-ಅಕ್ಕ-ಮೀಸಿ’. ಒಮ್ಮೆ ಅಕ್ಕ ಎಂದ ಮೇಲೆ ಮೀಸೆ ಬಂದಿತೆಂದು ಸಂಬಂಧ ಬದಲಿಸಲಾದೀತೇ?

ಇಷ್ಟೆಲ್ಲ ನಗುನಗುತ್ತ ಬರೆಯುತ್ತಿದ್ದೇನೆ. ಆದರೆ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕುಳಿತು ಅತ್ತೆಯ ಚೀಟಿಗಳನ್ನು ನೋಡುತ್ತಿದ್ದಾಗ ನನಗೊಂದು ಲೆಕ್ಕ ಕಣ್ಣಿಗೆ ಬಿತ್ತು. ಅತಿ ಹೆಚ್ಚು ನಿಶಾನಿ ಇದ್ದದ್ದು ಮುಡಬಿ ಕಾಕಾನ ಮೊಣಕಾಲಿಗಲ್ಲ, ಅಳಿಯನ ಗೊರಕೆಗಲ್ಲ. ಬರೀ ‘ವೈನಿ’ ಎಂಬ ಚೀಟಿಗೆ. ನೂರ ನಲವತ್ತಕ್ಕೂ ಮೇಲೆ! ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರೆ. ಅತ್ತೆಗೆ ಇದ್ದವನು ಒಬ್ಬನೇ ಅಣ್ಣ, ನನ್ನ ತೀರಿಹೋದ ಅಪ್ಪ. ಅಂದರೆ ವೈನಿಯೂ ಒಬ್ಬಳೇ, ಹುಮನಾಬಾದಿನಲ್ಲಿ ನನ್ನ ಜೊತೆಗಿರುವ ನನ್ನ ಅವ್ವ. ಅವರಿಬ್ಬರಿಗೆ ಮಾತಿಲ್ಲದೆ ಐದು ವರ್ಷ ದಾಟಿತ್ತು.

ಕಾರಣ ಒಂದು ಜಂಪರು. ನನ್ನ ಮದುವೆಗೆ ಅವ್ವನ ರೇಷ್ಮೆ ಸೀರೆಯ ಜಂಪರನ್ನು ಅತ್ತೆಯೇ ಹೊಲಿದಿದ್ದಳು. ಅಳತೆ ತೆಗೆದಿರಲಿಲ್ಲ, ಬೇರೆ ಹೇಳಬೇಕೇ? ಅರಿಶಿಣದ ದಿನ ಅವ್ವ ತೊಟ್ಟು ನೋಡಿದರೆ ಹುಕ್ಕು ಕೂಡಲೊಲ್ಲದು. ಬೀಗರ ಕಡೆಯ ಹೆಂಗಸರೆಲ್ಲ ಅಲ್ಲೇ ಕುಳಿತಿದ್ದರು. ಅವ್ವನಿಗೆ ಸಂಕಟ. "ನಮ್ಮ ಟೇಲರ್‌ಗ ವಯಸ್ಸಾತು, ಅಳತಿ ಮರತಾಳ" ಎಂದು ನಗಲು ನೋಡಿದಳು. ಅತ್ತೆ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ನಾ ಮರತಿಲ್ರಿ. ವೈನಿಯವರೇ ತಮ್ಮ ಅಳತಿ ಮರತಾರ" ಎಂದಳು. ಬೀಗರ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಸೀರೆಗೆ ಹೊಂದದ ಬೇರೊಂದು ಜಂಪರು ತೊಟ್ಟು ನನ್ನನ್ನು ಧಾರೆ ಎರೆದುಕೊಟ್ಟಳು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಅಪ್ಪ ತೀರಿದಾಗಲೂ ಅತ್ತೆ ಬಂದು ಹದಿಮೂರು ದಿನ ಇದ್ದು, ಅಡಿಗೆ ಮಾಡಿ, ಅವ್ವನಿಗೆ ಸ್ನಾನದ ನೀರು ಹಾಕಿ, ಅವಳ ಬಗಲಲ್ಲೇ ಕುಳಿತು ಅತ್ತು, ಒಂದೂ ಮಾತಾಡದೆ ಹೋಗಿದ್ದಳು. ನಡುವೆ ನಿಂತ ನಾನು ಎರಡೂ ಕಡೆ ಹೇಳಿ ಹೇಳಿ ಸೋತಿದ್ದೆ. ಈ ಜನ್ಮದಲ್ಲಿ ಇವರು ಮಾತಾಡುವುದಿಲ್ಲವೇನೋ ಎಂಬ ಭಯ ನನಗಿತ್ತು.

ಆ ‘ವೈನಿ’ ಚೀಟಿಯ ಅಡಿ ಇದ್ದದ್ದೇನು? ಅವ್ವನಿಗೆ ಬಿ.ಪಿ. ಇದೆ. ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಉಪ್ಪಿನಕಾಯಿ! ಕೂಡಲೇ ಫೋನು ಮಾಡಿದೆ.

"ಅತ್ತಿ, ಮಾತು ಬಿಟ್ಟಾಕಿ ಇದೇನು?"

"ಮಾತು ಬಿಟ್ಟೀನಿ. ನಿಶಾನಿ ಬಿಟ್ಟೀನೇನು? ನಿಮ್ಮವ್ವಗ ಹೇಳಿದಿ ಅಂದ್ರ ನೋಡು ಮತ್ತ."

ಹೇಳುತ್ತಿರಲಿಲ್ಲ. ಆದರೆ ಮೀಸೆಯ ಅಕ್ಕ ಎಡವಟ್ಟು ಮಾಡಿದ. ಅತ್ತೆಯ ಖಾತೆಯನ್ನು ಆತ ತನ್ನ ಭಾಷೆಗೆ ತಿರುಗಿಸಿಕೊಂಡು ದಿನವೂ ನೋಡುತ್ತಿದ್ದನೆಂದು ಕಾಣುತ್ತದೆ. ಉಪ್ಪಿಲ್ಲದ ಅಡಿಗೆಗೆಲ್ಲ ಅತ್ತೆ ‘ವೈನಿ’ ಎಂದು ಹಚ್ಚಿದ್ದನ್ನು ಕಂಡು, ಉಪ್ಪಿಲ್ಲದ್ದಕ್ಕೆ ಈ ಭಾಷೆಯಲ್ಲಿ ವೈನಿ ಎನ್ನುತ್ತಾರೆ ಎಂದುಕೊಂಡ! ತನ್ನ ದೇಶದ ಉಪ್ಪಿಲ್ಲದ ಸೂಪುಗಳಿಗೂ ಅದೇ ಚೀಟಿ ಹಚ್ಚಿದ. ಅವನನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಒಂದು ತಿಂಗಳೊಳಗೆ ಯಾವ್ಯಾವುದೋ ದೇಶದ ಬಿ.ಪಿ. ರೋಗಿಗಳು ‘ವೈನಿ ಬ್ರೆಡ್ಡು’, ‘ವೈನಿ ಸೂಪು’ ಎನ್ನತೊಡಗಿದರು. ನಾನು ನಗು ತಡೆಯಲಾರದೆ ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವ್ವ ನಗಲಿಲ್ಲ. ಬಹಳ ಹೊತ್ತು ಮೊಬೈಲು ಹಿಡಿದು ಆ ನೂರ ನಲವತ್ತನ್ನೂ ಮೇಲಿಂದ ಕೆಳಕ್ಕೆ ಸರಿಸಿ ನೋಡಿದಳು. "ಉಪ್ಪಿಲ್ಲದ್ದಕ್ಕ ನನ್ನ ಹೆಸರು ಇಟ್ಟಾಳ, ಹೌದಿಲ್ಲೋ? ಆತು. ನನಗೂ ಒಂದು ಖಾತಿ ತಗದು ಕೊಡು" ಎಂದಳು.

ಮರುದಿನದಿಂದ ಕದನ ಶುರುವಾಯಿತು. ಅವ್ವನ ಮೊದಲ ನಿಶಾನಿ, ‘ಜಂಪರಿನ ಅಳತೆ ತಪ್ಪದಂತೆ ತೆಗೆಯುವ ಹತ್ತು ವಿಧಾನಗಳು’. ಚೀಟಿ, ‘ಕಲ್ಯಾಣದವರಿಗೆ’. ಅರ್ಧ ಗಂಟೆಯಲ್ಲಿ ಕಲ್ಯಾಣದಿಂದ ಉತ್ತರ, ‘ಊಟದ ನಂತರ ಮಲಗಿದರೆ ಬೊಜ್ಜು ಬರುವುದೇ?’ ಚೀಟಿ, ‘ವೈನಿ’. ಅವ್ವನಿಂದ, ‘ವಯಸ್ಸಾದಂತೆ ಮರೆವು ಏಕೆ?’ ಅತ್ತೆಯಿಂದ, ‘ಸಿಟ್ಟು ಮತ್ತು ರಕ್ತದೊತ್ತಡ’. ಆದರೆ ಈ ಬಾಣಗಳ ನಡುನಡುವೆ ಬೇರೆಯವೂ ಹಾರಿ ಬರುತ್ತಿದ್ದವು. ಇಡೀ ದಿನ ಮಷೀನಿನ ಮುಂದೆ ಕೂರುವವರ ಸೊಂಟನೋವಿಗೆ ಐದು ವ್ಯಾಯಾಮ. ಚೀಟಿ, ‘ಕಲ್ಯಾಣದವರಿಗೆ’. ಅತ್ತೆ ನನಗೆ ಫೋನು ಮಾಡಿ ಆ ವ್ಯಾಯಾಮ ಮಾಡುತ್ತಿರುವ ಸುದ್ದಿ ಹೇಳುವಳು. ಅವ್ವ ಉಪ್ಪಿಲ್ಲದ ಪಲ್ಯ ಮಾಡಿ, "ರುಚಿ ಇಲ್ಲ, ಅಕಿ ಹುಡುಕಿದ್ದು ಹಿಂಗೇ ಇರ್ತದ" ಎನ್ನುತ್ತ ಎರಡು ಸಲ ಹಾಕಿಸಿಕೊಳ್ಳುವಳು. ಬೆಳಿಗ್ಗೆ ಎದ್ದು ಇಬ್ಬರೂ ಮೊದಲು ನೋಡುತ್ತಿದ್ದದ್ದು ಆ ತಾಣವನ್ನೇ. ನನ್ನ ಕಾಲೇಜಿನ ಇನ್ನೂರು ವಿದ್ಯಾರ್ಥಿಗಳಿಂದ ಆಗದ್ದನ್ನು ಮಾತು ಬಿಟ್ಟ ಇಬ್ಬರು ಹೆಂಗಸರು ನಡೆಸಿ ತೋರಿಸಿದರು.

ಹೀಗೆ ಎಂಟು ತಿಂಗಳು ನಡೆಯಿತು. ಆಮೇಲೆ ಅವ್ವನ ಕಡೆಯಿಂದ ನಿಶಾನಿ ನಿಂತಿತು.

ಐದನೆಯ ದಿನ ಅತ್ತೆ ಫೋನು ಮಾಡಿದಳು. "ನಾ ಏನ್ ಕೇಳಾಕತ್ತಿಲ್ಲ. ಸುಮ್ನ ಹೇಳಾಕತ್ತೇನಿ. ನಾಕೈದು ದಿನಾತು, ನಿಮ್ಮವ್ವಂದು ಏನೂ ಬಂದಿಲ್ಲ. ಸಿಟ್ಟಾಗ್ಯಾರೇನು?"

ಸಿಟ್ಟಲ್ಲ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಎರಡೂ ಕಣ್ಣಿಗೆ. ಎಷ್ಟು ದಿನದಿಂದ ಮುಚ್ಚಿಟ್ಟಿದ್ದಳೋ! ಉಪ್ಪಿಲ್ಲದ ಸಾರಿಗೆ ಸಕ್ಕರೆ ಬಿದ್ದ ದಿನ ನಮಗೆ ಗೊತ್ತಾಯಿತು. ಡಾಕ್ಟರು ನೋಡಿ, ಆಪರೇಷನ್ ಆಗಲೇಬೇಕು, ತಡ ಮಾಡಿದಷ್ಟೂ ಕಷ್ಟ ಎಂದು ಬರುವ ಸೋಮವಾರದ ತಾರೀಖು ಕೊಟ್ಟಿದ್ದರು. ಅವ್ವ ಒಲ್ಲೆ ಎಂದು ಕುಳಿತಿದ್ದಳು. "ಇದ್ದಷ್ಟು ಕಾಣ್ತದ. ಕೊಯ್ದ ಮ್ಯಾಲ ಇದ್ದದ್ದೂ ಹೋದ್ರ?" ಎಂದು ಗೋಡೆಯ ಕಡೆ ತಿರುಗಿ ಮಲಗುವಳು. ನಾನು ಹೇಳಿದರೆ, "ನಿನಗೇನು ಗೊತ್ತು, ಸಣ್ಣಾಕಿ" ಎನ್ನುವಳು. ಅವ್ವ ಅಂಜಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. 

ಎಲ್ಲವನ್ನೂ ಅತ್ತೆಗೆ ಹೇಳಿದೆ. ಆಕೆ ಫೋನು ಇಟ್ಟಳು. ಸಂಜೆಯೊಳಗೆ ‘ವೈನಿ-ಕಣ್ಣು’ ಎಂಬ ಹೊಸ ಚೀಟಿಯ ಅಡಿ ಇಪ್ಪತ್ತೆರಡು ಪುಟಗಳು ಬಂದು ಬಿದ್ದವು. ಪೊರೆ ಎಂದರೇನು, ಆಪರೇಷನ್‌ಗೆ ಎಷ್ಟು ಹೊತ್ತು, ನೋವಾಗುವುದೇ, ಎಷ್ಟು ದಿನಕ್ಕೆ ಕಾಣುತ್ತದೆ. ನಾನೇ ಫೋನು ಮಾಡಿದೆ.

"ಅತ್ತಿ, ಯಾರ ಸಲುವಾಗಿ ಹಾಕಾಕತ್ತಿ? ಅಕಿಗೆ ಕಾಣಂಗಿಲ್ಲ."

ಆ ಕಡೆ ಓಡುತ್ತಿದ್ದ ಮಷೀನಿನ ಸದ್ದು ನಿಂತಿತು.  

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆ ನಮ್ಮ ಬಾಗಿಲಲ್ಲಿದ್ದಳು. ಲಗ್ನದ ಹಂಗಾಮಿನಲ್ಲಿ ಅಂಗಡಿ ಮುಚ್ಚಿ, ಮೊದಲ ಬಸ್ಸಿಗೆ ಜಾಗ ಸಿಗದೆ ಎರಡನೆಯದರಲ್ಲಿ ನಿಂತು ಬಂದಿದ್ದಳು. ಒಳಗೆ ಬಂದವಳು ಅವ್ವ ಮಲಗಿದ್ದ ಮಂಚದಿಂದ ಮೂರು ಮೊಳ ದೂರ ಕುರ್ಚಿ ಎಳೆದು ಕುಳಿತು, ನನ್ನ ಕಡೆ ಮುಖ ಮಾಡಿ ಹೇಳಿದಳು.

"ನಿಮ್ಮವ್ವಗ ಹೇಳು. ನಾ ಮಾತಾಡಾಕ ಬಂದಿಲ್ಲ. ನಿಶಾನಿ ಹಾಕಿದ್ದು ಮುಟ್ಟಿಲ್ಲ, ಓದಿ ಮುಟ್ಟಸಾಕ ಬಂದೀನಿ."

ಗೋಡೆಯ ಕಡೆ ತಿರುಗಿದ್ದ ಅವ್ವ ಹಾಗೇ ಇದ್ದು, "ಬಿಸಲಾಗ ಬಂದಾಳ, ಮೊದಲ ಚಾ ಕೊಡು ಅಕಿಗೆ. ಆಮ್ಯಾಲ ಏನರೆ ಓದ್ಲಿ" ಎಂದಳು. ಒಂದೇ ಕೋಣೆಯಲ್ಲಿದ್ದವರ ನಡುವೆ ನಾನು ಮತ್ತೆ ಟಪಾಲು ಹಂಚಿದೆ.

ಚಾ ಆಯಿತು. ಅತ್ತೆ ಕನ್ನಡಕ ಏರಿಸಿ, ಮೊಬೈಲನ್ನು ಕೈಯಳತೆಯಲ್ಲಿ ಹಿಡಿದು, ಶಾಲೆಯ ಹುಡುಗಿಯಂತೆ ಗಟ್ಟಿಯಾಗಿ ಓದತೊಡಗಿದಳು. "ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯು ಸಾಮಾನ್ಯವಾಗಿ ಅಲ್ಪ ಅವಧಿಯಲ್ಲಿ ಮುಗಿಯುತ್ತದೆ. ರೋಗಿಯು ಭಯಪಡುವ ಅಗತ್ಯವಿರುವುದಿಲ್ಲ." ಒಂದು ಪುಟ ಮುಗಿಯಿತು, ಎರಡನೆಯದು, ಮೂರನೆಯದು. ಅವ್ವ ಅಲುಗಾಡಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದೆ.

"ಶಸ್ತ್ರಚಿಕಿತ್ಸೆಯ ದಿನ ರೋಗಿಯ ಜೊತೆಯಲ್ಲಿ ಮನೆಯವರೊಬ್ಬರು ಇರತಕ್ಕದ್ದು." ಅತ್ತೆ ಸ್ವಲ್ಪ ನಿಂತಳು. ಮತ್ತೆ ಓದಿದಳು. "ಆ ಮನೆಯವರು ನಾದಿನಿಯಾಗಿದ್ದಲ್ಲಿ ಉತ್ತಮ. ನಾದಿನಿಯು ಎಂಟು ದಿವಸ ಅಂಗಡಿಯನ್ನು ಮುಚ್ಚಿ ರೋಗಿಯ ಹತ್ತಿರವೇ ಇರತಕ್ಕದ್ದು. ಕಣ್ಣಿಗೆ ಔಷಧ ಬಿಡತಕ್ಕದ್ದು. ತಲೀಗೆ ನೀರು ಬೀಳದಂಗ ಮೈ ತೊಳೀಬೇಕು. ಅಕಿ ಎಲ್ಲಾ ಮಾಡ್ತಾಳ. ಆರ ವರ್ಷದ ಹಿಂದ ಆ ನಾದಿನಿ ಒಂದು ಜಂಪರ ಹೊಲದಿದ್ದಳು. ಅದು ಎರಡು ಬೆರಳು ಸಣ್ಣದಿತ್ತು. ವೈನಿ ದಪ್ಪ ಆಗಿರಲಿಲ್ಲ. ನಾದಿನೀನೇ ಅಳತಿ ಮರತು ಕತ್ತರಿ ಹಾಕಿದ್ದಳು. ಅವತ್ತೇ ಅಕಿಗೆ ಗೊತ್ತಾಗಿತ್ತು. ಗೊತ್ತಾಗೀನೂ ನಾಕ ಮಂದಿ ವೈನೀಗೆ ನಗೂವಂಗ ಮಾಡಿಬಿಟ್ಟಳು."

ಪುಸ್ತಕದ ಕನ್ನಡ ಎಲ್ಲಿ ಮುಗಿದು ನಮ್ಮ ಮನೆಯ ಕನ್ನಡ ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ. ಕುರ್ಚಿಯ ಹಿಂದೆ ಹೋಗಿ ನೋಡಿದೆ. ಮೊಬೈಲಿನ ಪರದೆ ಯಾವಾಗಲೋ ಆರಿ ಕಪ್ಪಾಗಿತ್ತು. ಅತ್ತೆ ಅದನ್ನೇ ಕಣ್ಣಿಗೆ ಹತ್ತಿರ ಹಿಡಿದುಕೊಂಡು ಕುಳಿತಿದ್ದಳು. 

ಅವ್ವ ಮೆಲ್ಲಗೆ ಈ ಕಡೆ ಹೊರಳಿದಳು. ಮಬ್ಬುಗಣ್ಣಿನಿಂದ ಕುರ್ಚಿ ಇರುವ ದಿಕ್ಕಿಗೆ ನೋಡಿದಳು. ಆರು ವರ್ಷದ ನಂತರ, ನನ್ನನ್ನು ನಡುವೆ ಇಟ್ಟುಕೊಳ್ಳದೆ, ನೇರವಾಗಿ ಕೇಳಿದಳು.

"ಇದೂ ಅದರಾಗ ಬರದಾರೇನು?"

"ಬರದಾರ್ರೀ ವೈನಿ."

"ಹಂಗಾದ್ರ ತಾರೀಖ ಯಾವಾಗ ಅಂತ ಬರದಾರ, ನೋಡಿ ಹೇಳು."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, ಆ ಕಪ್ಪು ಪರದೆಯನ್ನು ಮೇಲಿಂದ ಕೆಳಕ್ಕೆ ಬಹಳ ಕಾಳಜಿಯಿಂದ ನೋಡಿದಳು.

"ಸೋಮವಾರ್ರಿ, ವೈನಿ. ಇಬ್ಬರೂ ಕೂಡೇ ಹೋಗಬೇಕಂತ ಬರದಾರ."